ಬಿಗಿ ಎಲ್ಲಿ, ಸಡಿಲ ಎಲ್ಲಿ? ಲೇತ್ ಶೆಡ್‌ನಿಂದ ಸ್ಪ್ರಿಂಟ್‌ವರೆಗೆ ಬೆಂಗಳೂರಿನ ಒಂದು ಕಥೆ

ಇವತ್ತು ನಾನು ಒಂದು ಜಗಳದ ಇತಿಹಾಸ ಹೇಳ್ತೀನಿ. ನೀವು ಸಾಫ್ಟ್‌ವೇರ್ ಕೆಲಸದಲ್ಲಿದ್ರೆ, ಅಥವಾ ಮನೇಲಿ ಅಣ್ಣನೋ ಅಕ್ಕನೋ ಆ ಕೆಲಸದಲ್ಲಿದ್ರೆ, ಈ ಜಗಳ ನಿಮ್ಮ ಕಿವಿಗೆ ಬಿದ್ದೇ ಇರುತ್ತೆ. ಒಂದು ಕಡೆಯವರು ಹೇಳೋದು: ಮೊದಲು ಪೂರ್ತಿ ಪ್ಲಾನ್ ಬರೀರಿ, ಸಹಿ ಹಾಕಿಸಿ, ಆಮೇಲೆ ಕೋಡ್ ಮುಟ್ಟಿ. ಇನ್ನೊಂದು ಕಡೆಯವರು ಹೇಳೋದು: ಎರಡು ವಾರದಲ್ಲಿ ಏನಾದ್ರೂ ಮಾಡಿ ತೋರಿಸಿ, ತಪ್ಪಿದ್ರೆ ತಿದ್ದೋಣ. ಮೊದಲನೆಯದು ಔಪಚಾರಿಕ ದಾರಿ, ಆಫೀಸ್ ಭಾಷೆಯಲ್ಲಿ ‘ಪ್ರೋಸೆಸ್’. ಎರಡನೆಯದು ‘ಅಜೈಲ್’, ಅಂದ್ರೆ ಚುರುಕು ದಾರಿ.

ಈ ಎರಡೂ ಹಾವು ಮುಂಗುಸಿ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಬೆಂಗಳೂರಿನ ಕಳೆದ ಮೂವತ್ತು ವರ್ಷದ ಚರಿತ್ರೆ ನೋಡಿದ್ರೆ ಬೇರೇನೇ ಕಾಣುತ್ತೆ. ಇವೆರಡನ್ನೂ ಒಂದೇ ಸೂರಿನಡಿ ಇಟ್ಟುಕೊಂಡವರೇ ಇಲ್ಲಿ ದೊಡ್ಡ ಕೆಲಸಗಳನ್ನ ಮಾಡಿ ಮುಗಿಸಿದ್ದಾರೆ.

ಕಥೆಯನ್ನ ಎಲೆಕ್ಟ್ರಾನಿಕ್ ಸಿಟಿಯಿಂದ ಶುರು ಮಾಡಬಹುದಿತ್ತು. ನಾನು ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯದಿಂದ ಶುರು ಮಾಡ್ತೀನಿ. ಅದಕ್ಕೆ ಕಾರಣ ಇದೆ.

ಕಾಮಾಕ್ಷಿಪಾಳ್ಯದ ಒಳರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು. ಕೆಳಗಡೆ ಶೆಡ್, ಮೇಲ್ಗಡೆ ಮನೆ. ಶೆಡ್ ಒಳಗೆ ಲೇತ್, ಮಿಲ್ಲಿಂಗ್, ಡ್ರಿಲ್ಲಿಂಗ್ ಮೆಷಿನ್‌ಗಳು, ಕಟಿಂಗ್ ಆಯಿಲ್ ವಾಸನೆ, ಬಾಗಿಲ ಹತ್ತಿರ ಸುರುಳಿ ಸುರುಳಿ ಲೋಹದ ಚೂರು. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಸಣ್ಣ ಬಿಡಿಭಾಗಗಳನ್ನ ಇಂಥ ಶೆಡ್‌ಗಳಲ್ಲಿ ‘ಜಾಬ್ ವರ್ಕ್’ ಲೆಕ್ಕದಲ್ಲಿ ಮಾಡ್ತಾರೆ. ಇಂಥ ಕಡೆ ಕೆಲಸ ಹೇಗೆ ಬರುತ್ತೆ? ಒಂದು ಡ್ರಾಯಿಂಗ್ ಬರುತ್ತೆ. ಒಂದು ಶಾಫ್ಟ್ ಅಂದ್ಕೊಳ್ಳಿ. ಬೇರಿಂಗ್ ಕೂರೋ ಜಾಗದಲ್ಲಿ ಡ್ರಾಯಿಂಗ್ ಹೇಳುತ್ತೆ: ವ್ಯಾಸ 25 ಮಿಲಿಮೀಟರ್, ಆಚೀಚೆ ಆಗಬಹುದಾದ್ದು ಮಿಲಿಮೀಟರಿನ ನೂರನೇ ಒಂದು ಭಾಗ, ಅಷ್ಟೇ. ಅದೇ ಶಾಫ್ಟಿನ ಇನ್ನೊಂದು ತುದಿ ಗಾಳಿಯಲ್ಲಿ ಸುಮ್ಮನೆ ನಿಂತಿರುತ್ತೆ. ಅಲ್ಲಿ ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆ ಆದ್ರೂ ಯಾರೂ ಕೇಳಲ್ಲ.

ಇದಕ್ಕೆ ‘ಟಾಲರೆನ್ಸ್’ ಅಂತಾರೆ. ಇವತ್ತಿನ ಸಂಚಿಕೆಯ ತಿರುಳು ಇದೇ. ಎಲ್ಲಾ ಅಳತೆಯನ್ನೂ ಬಿಗಿ ಮಾಡಿದ್ರೆ ಸಮಯ ಹಾಳು, ದುಡ್ಡು ಹಾಳು, ಆರ್ಡರ್ ಕೈತಪ್ಪುತ್ತೆ. ಎಲ್ಲವನ್ನೂ ಸಡಿಲ ಬಿಟ್ರೆ ಬೇರಿಂಗ್ ಕೂರಲ್ಲ. ಒಳ್ಳೆ ಡ್ರಾಯಿಂಗ್ ಅಂದ್ರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಮೊದಲೇ ಯೋಚನೆ ಮಾಡಿರೋ ಡ್ರಾಯಿಂಗ್. ಜೊತೆಗೆ ಇನ್ನೊಂದು ಪದ್ಧತಿ ಇದೆ. ಐನೂರು ಪೀಸ್ ಆರ್ಡರ್ ಇದ್ರೂ ಮೊದಲು ಒಂದೇ ಪೀಸ್ ಮಾಡಿ, ಅಳೆದು, ಸರಿ ಅಂತ ಆದ್ಮೇಲೆ ಉಳಿದದ್ದು. ಡ್ರಾಯಿಂಗ್ ಅನ್ನೋದು ಔಪಚಾರಿಕ ದಾರಿ. ಒಂದು ಪೀಸ್ ಮಾಡಿ ನೋಡೋದು ಅಜೈಲ್. ಲೇತ್ ಮುಂದೆ ನಿಂತವರಿಗೆ ಇವೆರಡರ ಮಧ್ಯೆ ಜಗಳ ಇದೆ ಅಂತಾನೇ ಅನ್ಸಲ್ಲ.

ಹಾಗಾದ್ರೆ ಸಾಫ್ಟ್‌ವೇರ್‌ನವರಿಗೆ ಯಾಕೆ ಅನ್ಸಿತು?

1968ರ ಅಕ್ಟೋಬರ್‌ಗೆ ಹೋಗೋಣ. ಜರ್ಮನಿಯ ಗಾರ್ಮಿಷ್ ಅನ್ನೋ ಊರಲ್ಲಿ ನೇಟೋ ಒಂದು ಸಮ್ಮೇಳನ ನಡೆಸಿತು. ಅಷ್ಟೊತ್ತಿಗೆ ಪ್ರೋಗ್ರಾಂಗಳು ದೊಡ್ಡದಾಗಿ ಬೆಳೆದು, ತಡವಾಗಿ, ದುಬಾರಿಯಾಗಿ, ತಪ್ಪು ತುಂಬಿಕೊಂಡು ಬರ್ತಿದ್ವು. ಸೇತುವೆ ಕಟ್ಟೋರ ಹಾಗೆ ಸಾಫ್ಟ್‌ವೇರ್ ಕಟ್ಟೋರಿಗೂ ಒಂದು ಶಿಸ್ತು ಬೇಕು ಅನ್ನೋ ಮಾತು ಅಲ್ಲಿ ಜೋರಾಯಿತು. ‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಅನ್ನೋ ಹೆಸರು ಜನಪ್ರಿಯ ಆದದ್ದು ಅಲ್ಲಿಂದಲೇ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಅನ್ನೋ ಅಮೆರಿಕನ್ ಎಂಜಿನಿಯರ್ ಒಂದು ಪ್ರಬಂಧ ಬರೆದ್ರು. ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಒಂದು ಚಿತ್ರ ಇತ್ತು. ಬೇಡಿಕೆ, ವಿನ್ಯಾಸ, ಕೋಡ್, ಪರೀಕ್ಷೆ. ಮುಂದೆ ಅದಕ್ಕೆ ‘ವಾಟರ್‌ಫಾಲ್’ ಅಂತ ಹೆಸರು ಬಂತು. ತಮಾಷೆ ಏನಪ್ಪಾ ಅಂದ್ರೆ, ಆ ಚಿತ್ರದ ಪ್ರಕಾರ ಒಂದೇ ಸಲ ಇಳಿದುಕೊಂಡು ಹೋದ್ರೆ ಅಪಾಯ, ಹಿಂದೆ ಮುಂದೆ ಹೋಗಿ ಬರಬೇಕು ಅಂತ ರಾಯ್ಸ್ ಅದೇ ಪ್ರಬಂಧದಲ್ಲಿ ಬರೆದಿದ್ರು. ಜನ ಚಿತ್ರ ನೋಡಿದ್ರು, ಮಾತು ಬಿಟ್ಟುಬಿಟ್ರು.

ಇಲ್ಲಿ ಒಂದು ಪದದ ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ‘ಫಾರ್ಮಲ್’ ಅನ್ನೋದಕ್ಕೆ ಎರಡು ಅರ್ಥ ಇದೆ. ಒಂದು, ಲಿಖಿತ ಪ್ಲಾನ್, ಪರಿಶೀಲನೆ, ದಾಖಲೆ ಇರೋ ಪ್ರೋಸೆಸ್. ಇನ್ನೊಂದು, ಪ್ರೋಗ್ರಾಂ ಸರಿ ಇದೆ ಅಂತ ಗಣಿತದಿಂದಲೇ ಸಾಧಿಸಿ ತೋರಿಸೋದು. ಇದಕ್ಕೆ ‘ಫಾರ್ಮಲ್ ಮೆಥಡ್ಸ್’ ಅಂತಾರೆ. ಇಂಗ್ಲೆಂಡಿನ ಟೋನಿ ಹೋರ್ 1969ರಲ್ಲೇ ಇದಕ್ಕೊಂದು ತಳಪಾಯ ಹಾಕಿದ್ರು. ನಮ್ಮ ಕಥೆಯಲ್ಲಿ ಎರಡೂ ಬರುತ್ತೆ. ಮೊದಲು ಕಾಗದದ ಶಿಸ್ತು, ಆಮೇಲೆ ಗಣಿತದ ಶಿಸ್ತು.

ಕಾಗದದ ಶಿಸ್ತಿಗೆ ದೊಡ್ಡ ರೂಪ ಕೊಟ್ಟದ್ದು ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಇರೋ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್. ವಾಟ್ಸ್ ಹಂಫ್ರಿ ಅನ್ನೋರ ಆಲೋಚನೆಯಿಂದ ಅಲ್ಲಿ ‘ಕೇಪಬಿಲಿಟಿ ಮೆಚ್ಯೂರಿಟಿ ಮಾಡೆಲ್’, ಚಿಕ್ಕದಾಗಿ ಸಿಎಂಎಂ, ಹುಟ್ಟಿತು. ಐದು ಹಂತ. ಒಂದನೇ ಹಂತ ಅಂದ್ರೆ ಯಾರೋ ಒಬ್ಬ ಜಾಣ ರಾತ್ರಿಯೆಲ್ಲಾ ಕೂತು ಕಂಪನಿ ಮಾನ ಉಳಿಸೋದು. ಐದನೇ ಹಂತ ಅಂದ್ರೆ ತಪ್ಪುಗಳನ್ನ ಎಣಿಸಿ, ಕಾರಣ ಹುಡುಕಿ, ಕೆಲಸದ ರೀತಿಯನ್ನೇ ಸತತವಾಗಿ ಸುಧಾರಿಸ್ತಾ ಹೋಗೋದು.

ಅಮೆರಿಕದ ಬಾಹ್ಯಾಕಾಶ ನೌಕೆಗೆ ಸಾಫ್ಟ್‌ವೇರ್ ಬರೀತಿದ್ದ ಹ್ಯೂಸ್ಟನ್‌ನ ಐಬಿಎಂ ತಂಡ ಈ ಐದನೇ ಹಂತದಲ್ಲಿ ಮೊದಲನೆಯದು ಅಂತ ಹೆಸರಾಗಿತ್ತು. ಎರಡನೆಯದು ಯಾವುದು ಅಂದ್ಕೊಂಡ್ರಿ? ಬೆಂಗಳೂರಿನ ಮೊಟೊರೊಲಾ ಘಟಕ. ವರ್ಷ 1993. ಆಗ ನಮ್ಮೂರಲ್ಲಿ ಮನೆಗೆ ಫೋನ್ ಲೈನ್ ಬೇಕು ಅಂದ್ರೂ ವರ್ಷಗಟ್ಟಲೆ ಕಾಯ್ತಿದ್ದ ಕಾಲ. ಮುಂದೆ 1998ರಲ್ಲಿ ವಿಪ್ರೊ, 1999ರಲ್ಲಿ ಇನ್ಫೋಸಿಸ್ ಅದೇ ಹಂತ ಮುಟ್ಟಿದವು.

ಬೆಂಗಳೂರಿಗೆ ಈ ಕಾಗದದ ಮೇಲೆ ಯಾಕಿಷ್ಟು ಪ್ರೀತಿ? ನನ್ನ ಪ್ರಕಾರ ಉತ್ತರ ಸರಳ. ಗಿರಾಕಿ ಇರೋದು ಸಾವಿರಾರು ಕಿಲೋಮೀಟರ್ ಆಚೆ. ನಿಮ್ಮ ಮುಖ ನೋಡಿಲ್ಲ, ಊರು ಗೊತ್ತಿಲ್ಲ. ನಂಬಿಕೆ ಎಲ್ಲಿಂದ ಬರಬೇಕು? ಆ ಸರ್ಟಿಫಿಕೇಟ್ ಬೆಂಗಳೂರಿಗೆ ಪಾಸ್‌ಪೋರ್ಟ್ ಥರ ಕೆಲಸ ಮಾಡ್ತು. ಕಾಮಾಕ್ಷಿಪಾಳ್ಯದ ಶೆಡ್‌ನವರು ದೊಡ್ಡ ಫ್ಯಾಕ್ಟರಿಗೆ ಮಾಲು ಕೊಡುವಾಗ ಇನ್‌ಸ್ಪೆಕ್ಷನ್ ರಿಪೋರ್ಟ್ ಜೊತೇಲಿ ಕಳಿಸ್ತಾರಲ್ಲ, ಹಾಗೆ.

ಆದ್ರೆ ಪಾಸ್‌ಪೋರ್ಟಿಗೂ ಒಂದು ಬೆಲೆ ಇತ್ತು. ಗಿರಾಕಿ ನಡುವೆ ಮನಸ್ಸು ಬದಲಾಯಿಸಿದ್ರೆ ‘ಚೇಂಜ್ ರಿಕ್ವೆಸ್ಟ್’ ಫಾರಂ, ಅದಕ್ಕೊಂದು ಸಮಿತಿ, ಸಮಿತಿಗೊಂದು ಸಭೆ. ವರ್ಷದ ಕೊನೆಗೆ ಮಾಲು ತೆರೆದು ನೋಡಿದ್ರೆ ಡ್ರಾಯಿಂಗ್ ಪ್ರಕಾರ ಎಲ್ಲಾ ಸರಿ, ಆದ್ರೆ ಈಗ ಬೇಕಿರೋದು ಅದಲ್ಲ. ಶಾಫ್ಟಿನ ಎರಡೂ ತುದಿಯನ್ನ ನೂರನೇ ಒಂದು ಭಾಗಕ್ಕೆ ತಿರುಗಿಸಿದ ಹಾಗಾಯ್ತು.

ಈಗ 2001ಕ್ಕೆ ಬರೋಣ. ಆ ವರ್ಷ ಸುಮಾರು ಐದು ವಾರಗಳ ಅಂತರದಲ್ಲಿ ಎರಡು ಘಟನೆ ನಡೆದವು. ಒಂದು ಬೆಂಗಳೂರಲ್ಲಿ, ಇನ್ನೊಂದು ಅಮೆರಿಕದಲ್ಲಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೋರು ಕಮ್ಮಿ.

2001ರ ಜನವರಿ 4. ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಲಘು ಯುದ್ಧ ವಿಮಾನ, ಈಗ ನಾವು ತೇಜಸ್ ಅನ್ನೋದು, ಮೊದಲ ಸಲ ಹಾರಿತು. ಹಾರಿಸಿದವರು ರಾಜೀವ್ ಕೋಥಿಯಾಲ್. ಈ ವಿಮಾನದ ವಿಶೇಷ ಏನು ಗೊತ್ತಾ? ಚುರುಕಾಗಿ ತಿರುಗಲಿ ಅಂತ ಅದನ್ನ ಬೇಕಂತಲೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದಾರೆ. ಕಂಪ್ಯೂಟರ್ ಕ್ಷಣಕ್ಷಣಕ್ಕೂ ತಿದ್ದದಿದ್ರೆ ಯಾವ ಪೈಲಟ್‌ಗೂ ಅದನ್ನ ಹಿಡಿದಿಡೋಕೆ ಆಗಲ್ಲ. ಅದಕ್ಕೇ ಆ ಕಂಪ್ಯೂಟರ್ ವ್ಯವಸ್ಥೆಗೆ ನಾಲ್ಕು ಸಮಾನ ಚಾನೆಲ್. ಒಂದು ಕೆಟ್ಟರೆ ಉಳಿದವು ನೋಡ್ಕೊಳ್ತವೆ. ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ, ಎಚ್‌ಎಎಲ್, ಎನ್‌ಎಎಲ್‌ನವರೆಲ್ಲ ಸೇರಿ ಮಾಡಿದ ಕೆಲಸ ಇದು. ಕೋಡ್ ಬರೆದವರು ಬೇರೆ, ಅದನ್ನ ಸ್ವತಂತ್ರವಾಗಿ ಪರಿಶೀಲಿಸಿದವರು ಬೇರೆ. 1998ರಲ್ಲಿ ಪೋಖ್ರಾನ್ ಪರೀಕ್ಷೆ ಆದ್ಮೇಲೆ ಅಮೆರಿಕ ನಿರ್ಬಂಧ ಹಾಕಿತು, ಅಲ್ಲಿನ ಸಹಾಯ ನಿಂತುಹೋಯ್ತು. ಉಳಿದದ್ದನ್ನ ಇಲ್ಲಿನವರೇ ಮುಗಿಸಿದ್ರು.

ಶಿಸ್ತು ಅಂದ್ರೆ ಇದಕ್ಕಿಂತ ಬಿಗಿ ಶಿಸ್ತು ಇಲ್ಲ. ಆದ್ರೆ ಹಾರಿಸಿದ ರೀತಿ ನೋಡಿ. ಮೊದಲ ದಿನವೇ ಎಲ್ಲಾ ವೇಗ, ಎಲ್ಲಾ ಎತ್ತರ ಅಂತ ಹೋಗಲಿಲ್ಲ. ಮೊದಲು ಸಣ್ಣ ವ್ಯಾಪ್ತಿ. ಹಾರು, ಡೇಟಾ ನೋಡು, ತಿದ್ದು, ವ್ಯಾಪ್ತಿ ಸ್ವಲ್ಪ ಹಿಗ್ಗಿಸು, ಮತ್ತೆ ಹಾರು. ಶಬ್ದದ ವೇಗ ದಾಟಿದ್ದು 2003ರ ಆಗಸ್ಟ್‌ನಲ್ಲಿ. ಅಂದ್ರೆ ಎರಡೂವರೆ ವರ್ಷ ಪುಟ್ಟ ಪುಟ್ಟ ಹೆಜ್ಜೆ. ಅಜೈಲ್ ಅನ್ನೋ ಹೆಸರು ಹೇಳದೇನೇ ಅದರ ಜೀವಾಳ ಅಲ್ಲಿತ್ತು.

ಇನ್ನೊಂದು ಘಟನೆ ಅದೇ ವರ್ಷ ಫೆಬ್ರುವರಿ 11ರಿಂದ 13ರವರೆಗೆ. ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಅನ್ನೋ ಹಿಮದ ರೆಸಾರ್ಟ್‌ನಲ್ಲಿ 17 ಜನ ಸಾಫ್ಟ್‌ವೇರ್ ಪರಿಣತರು ಸೇರಿ ‘ಅಜೈಲ್ ಮ್ಯಾನಿಫೆಸ್ಟೊ’ ಬರೆದ್ರು. ನಾಲ್ಕು ಮೌಲ್ಯ, ಹನ್ನೆರಡು ತತ್ವ. ದಾಖಲೆಗಳಿಗಿಂತ ಓಡೋ ಸಾಫ್ಟ್‌ವೇರ್ ಮುಖ್ಯ, ಪ್ಲಾನ್‌ಗೆ ಅಂಟಿಕೊಳ್ಳೋದಕ್ಕಿಂತ ಬದಲಾವಣೆಗೆ ಸ್ಪಂದಿಸೋದು ಮುಖ್ಯ ಅನ್ನೋದು ಅದರ ಸಾರ. ಪ್ಲಾನ್ ಬೇಡವೇ ಬೇಡ, ದಾಖಲೆ ಸುಡಿ ಅಂತ ಅವರು ಎಲ್ಲೂ ಬರೀಲಿಲ್ಲ. ಅವಕ್ಕೂ ಬೆಲೆ ಇದೆ ಅಂತಲೇ ಹೇಳಿದ್ರು. ರಾಯ್ಸ್‌ಗೆ ಆದದ್ದೇ ಇವರಿಗೂ ಆಯ್ತು. ಜನ ಅರ್ಧ ಓದಿದ್ರು.

ಆ 17 ಜನರಲ್ಲಿ ಒಬ್ಬರು ಮಾರ್ಟಿನ್ ಫೌಲರ್. ಅವರ ಕಂಪನಿ ಥಾಟ್‌ವರ್ಕ್ಸ್ ಅದೇ 2001ರಲ್ಲಿ ಬೆಂಗಳೂರಲ್ಲಿ ಕಚೇರಿ ತೆರೆಯಿತು. ಅಜೈಲ್ ಅಂದ್ರೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಮಾತಾಡ್ಕೊಂಡು ಮಾಡೋ ಕೆಲಸ. ಇಲ್ಲಿ ಗಿರಾಕಿ ನಿದ್ದೆ ಮಾಡುವಾಗ ತಂಡ ಎಚ್ಚರ, ತಂಡ ನಿದ್ದೆ ಮಾಡುವಾಗ ಗಿರಾಕಿ ಎಚ್ಚರ. ಹೇಗೆ ನಡೆಯುತ್ತೆ? ಈ ಅನುಭವದ ಬಗ್ಗೆ ಫೌಲರ್ ಬರೆದಿದ್ದಾರೆ. ಅವರು ಕಂಡುಕೊಂಡ ಉಪಾಯಗಳಲ್ಲಿ ಮೂರು ಹೇಳ್ತೀನಿ. ಎಲ್ಲರ ಕೋಡನ್ನೂ ದಿನವೂ ಒಟ್ಟಿಗೆ ಸೇರಿಸಿ ಪರೀಕ್ಷೆ ಓಡಿಸೋದು. ಈ ಕಡೆಯ ಜನರನ್ನ ಆ ಕಡೆಗೆ, ಆ ಕಡೆಯವರನ್ನ ಈ ಕಡೆಗೆ ರಾಯಭಾರಿಗಳ ಥರ ಕಳಿಸ್ತಾ ಇರೋದು. ಮೂರನೆಯದು, ಏನು ಬೇಕು ಅನ್ನೋದನ್ನ ಬರೀ ಮಾತಲ್ಲಿ ಹೇಳೋ ಬದಲು, ಕಂಪ್ಯೂಟರ್ ಓಡಿಸಿ ನೋಡಬಲ್ಲ ಪರೀಕ್ಷೆಗಳಾಗಿ ಬರೆದು ಕಳಿಸೋದು.

ಈ ಮೂರನೆಯದನ್ನ ಗಮನಿಸಿ. ಓಡಿಸಿ ನೋಡಬಲ್ಲ ಪರೀಕ್ಷೆ ಅಂದ್ರೆ ಏನು? ಟಾಲರೆನ್ಸ್ ಬರೆದ ಡ್ರಾಯಿಂಗ್ ತಾನೇ! ದೂರ ಹೆಚ್ಚಾದಾಗ ಅಜೈಲ್ ತಂಡಕ್ಕೂ ಔಪಚಾರಿಕತೆ ಬೇಕಾಯ್ತು. ಆದರೆ ಆ ಔಪಚಾರಿಕತೆ ಫೈಲಲ್ಲಿ ಧೂಳು ತಿನ್ನಲಿಲ್ಲ, ದಿನಾ ಓಡ್ತು.

ಅತ್ತ ಕಾಗದದ ಶಿಸ್ತಿನ ಕಡೆಯಿಂದಲೂ ಒಂದು ಚಲನೆ ಶುರುವಾಯ್ತು. 2004ರ ಹೊತ್ತಿಗೆ ವಿಪ್ರೊ ತನ್ನ ಸಾಫ್ಟ್‌ವೇರ್ ಕೆಲಸಕ್ಕೆ ಟೊಯೊಟಾದ ‘ಲೀನ್’ ಪದ್ಧತಿ ತರೋ ಪ್ರಯತ್ನ ಆರಂಭಿಸಿತು. ಸಣ್ಣ ಸಣ್ಣ ಭಾಗಗಳಾಗಿ ಕೆಲಸ ಮಾಡೋದು, ತಪ್ಪು ಕಂಡ ಕೂಡಲೇ ನಿಲ್ಲಿಸೋದು, ಯಾರ ಕೆಲಸ ಎಲ್ಲಿದೆ ಅಂತ ಗೋಡೆ ಮೇಲೆ ಎಲ್ಲರಿಗೂ ಕಾಣೋ ಹಾಗೆ ಇಡೋದು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಇದನ್ನ ಕೇಸ್ ಸ್ಟಡಿ ಮಾಡಿತು. ಈ ಟೊಯೊಟಾ ಪದ್ಧತಿಯ ಮುಖ್ಯ ಶಿಲ್ಪಿ ತೈಚಿ ಓನೊ. ಎರಡನೇ ಮಹಾಯುದ್ಧದ ನಂತರ ಟೊಯೊಟಾದ ಮೆಷಿನ್ ಶಾಪ್ ನೋಡ್ಕೊಳ್ತಿದ್ದವರು. ಇವತ್ತು ಸಾಫ್ಟ್‌ವೇರ್ ತಂಡಗಳು ಬಳಸೋ ‘ಕಾನ್‌ಬಾನ್’ ಬೋರ್ಡ್‌ನ ತವರು ಲೇತ್ ಮತ್ತು ಡ್ರಿಲ್ಲಿಂಗ್ ಮೆಷಿನ್‌ಗಳ ನಡುವೆ. ಅದಕ್ಕೇ ನಾನು ಕಾಮಾಕ್ಷಿಪಾಳ್ಯದ ಶೆಡ್‌ನಿಂದ ಶುರು ಮಾಡಿದ್ದು.

ಈಗ ಗಣಿತದ ಶಿಸ್ತಿಗೆ ಬರೋಣ. ಇಲ್ಲಿ ತಪ್ಪಿನ ಬೆಲೆ ಬೇರೆ ಮಟ್ಟದ್ದು.

1996ರ ಜೂನ್ 4. ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಸಲ ಹಾರಿ, ಒಂದು ನಿಮಿಷದೊಳಗೆ ದಾರಿ ತಪ್ಪಿ ಚೂರುಚೂರಾಯ್ತು. ಕಾರಣ, 64 ಬಿಟ್‌ನ ಒಂದು ಸಂಖ್ಯೆಯನ್ನ 16 ಬಿಟ್‌ನ ಜಾಗಕ್ಕೆ ತುರುಕೋ ಒಂದು ತುಣುಕು ಕೋಡ್. ಅದು ಹಳೇ ಏರಿಯಾನ್ 4ರಲ್ಲಿ ಚೆನ್ನಾಗೇ ನಡೆದಿತ್ತು. ಹೊಸ ರಾಕೆಟ್‌ನ ವೇಗ ಜಾಸ್ತಿ, ಸಂಖ್ಯೆ ದೊಡ್ಡದಾಯ್ತು, ಜಾಗ ಸಾಲಲಿಲ್ಲ. ಹಳೇ ಗೇಜ್ ಇಟ್ಟು ಹೊಸ ಪೀಸ್ ಅಳೆದ ಹಾಗೆ.

ಇದಕ್ಕೆ ಎದುರಾಗಿ ಪ್ಯಾರಿಸ್ ಮೆಟ್ರೋದ 14ನೇ ಮಾರ್ಗ ನೋಡಿ. 1998ರ ಅಕ್ಟೋಬರ್‌ನಲ್ಲಿ ಆರಂಭ, ಚಾಲಕ ಇಲ್ಲದ ರೈಲು. ಅದರ ಸುರಕ್ಷತೆಯ ಭಾಗದ ಸಾಫ್ಟ್‌ವೇರನ್ನ ‘ಬಿ ಮೆಥಡ್’ ಅನ್ನೋ ಗಣಿತ ವಿಧಾನದಿಂದ, ಹೆಜ್ಜೆ ಹೆಜ್ಜೆಗೂ ಪುರಾವೆ ಕೊಡ್ತಾ ಬರೆದ್ರು. ಇಡೀ ಮೆಟ್ರೋ ಸಾಫ್ಟ್‌ವೇರ್ ಅಲ್ಲ, ನೆನಪಿಡಿ. ಜೀವ ಹೋಗಬಹುದಾದ ಭಾಗ ಮಾತ್ರ. ಬೇರಿಂಗ್ ಕೂರೋ ಜಾಗ.

ಬೆಂಗಳೂರಿನಲ್ಲೂ ಈ ಪರಂಪರೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನೋ ಐಐಎಸ್‌ಸಿಯ, ದೀಪಕ್ ಡಿಸೋಜಾ ಮತ್ತು ಸಂಗಡಿಗರು ‘ಫ್ರೀಆರ್‌ಟಿಒಎಸ್’ ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಂನ ಶೆಡ್ಯೂಲರ್ ಭಾಗವನ್ನ ಗಣಿತದಿಂದ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ್ರು. ಈ ಸಿಸ್ಟಂ ಜಗತ್ತಿನಾದ್ಯಂತ ಸಣ್ಣ ಸಣ್ಣ ಸಾಧನಗಳ ಒಳಗೆ ಕೂತಿದೆ. ಅಷ್ಟು ಜನ ಬಳಸಿದ ಕೋಡ್‌ನಲ್ಲೂ ತಪ್ಪುಗಳು ಸಿಕ್ಕವು, ಅವನ್ನ ತಿದ್ದಿ ಪುರಾವೆ ಪೂರ್ಣ ಮಾಡಿದ್ರು. 2005ರಲ್ಲಿ ಬೆಂಗಳೂರಿಗೆ ಬಂದ ಮೈಕ್ರೋಸಾಫ್ಟ್ ರಿಸರ್ಚ್‌ನ ಮುಖ್ಯಸ್ಥರಾಗಿ ಕೆಲಸ ಮಾಡಿದ ಶ್ರೀರಾಮ್ ರಾಜಮಣಿ ಅದಕ್ಕೂ ಮೊದಲು ಟಾಮ್ ಬಾಲ್ ಜೊತೆ ‘ಸ್ಲ್ಯಾಮ್’ ಅನ್ನೋ ಸಾಧನ ಕಟ್ಟಿದವರು. ವಿಂಡೋಸ್‌ನ ಡ್ರೈವರ್ ಪ್ರೋಗ್ರಾಂಗಳು ನಿಯಮ ಮೀರುತ್ತವಾ ಅಂತ ಅದು ತಾನೇ ಹುಡುಕ್ತಿತ್ತು. ಪ್ರೋಗ್ರಾಮರ್ ಗಣಿತ ಬರೀಬೇಕಿರಲಿಲ್ಲ, ಬಟನ್ ಒತ್ತಿದ್ರೆ ಆಗ್ತಿತ್ತು.

ಈ ಬಟನ್ ಒತ್ತೋ ವಿಷಯವೇ ದೊಡ್ಡ ತಿರುವು. ಪುರಾವೆ ಅಂದ್ರೆ ತಿಂಗಳುಗಟ್ಟಲೆ ಕೂತು ಬರೆಯೋದು ಅಂತ ಇದ್ದಾಗ ಎರಡು ವಾರದ ಸ್ಪ್ರಿಂಟ್ ಒಳಗೆ ಅದಕ್ಕೆ ಜಾಗ ಇರಲಿಲ್ಲ. ಕಂಪ್ಯೂಟರೇ ಪುರಾವೆ ಹುಡುಕೋಕೆ ಶುರು ಮಾಡಿದ ಮೇಲೆ ಜಾಗ ಸಿಕ್ತು. ಅಮೆಜಾನ್‌ನ ಎಂಜಿನಿಯರ್‌ಗಳು 2011ರಿಂದ ‘ಟಿಎಲ್‌ಎ ಪ್ಲಸ್’ ಅನ್ನೋ ಗಣಿತದ ಭಾಷೆ ಬಳಸ್ತಿದ್ದಾರೆ ಅಂತ 2015ರಲ್ಲಿ ಬರೆದ್ರು. ಅವರ ಡೈನಮೊಡಿಬಿ ಡೇಟಾಬೇಸ್‌ನಲ್ಲಿ ಸಿಕ್ಕ ಒಂದು ತಪ್ಪು ಹೊರಬರಬೇಕಾದ್ರೆ 35 ಘಟನೆ ಒಂದಾದ ಮೇಲೊಂದು ನಿರ್ದಿಷ್ಟ ಕ್ರಮದಲ್ಲೇ ನಡೀಬೇಕಿತ್ತು. ಯಾವ ಟೆಸ್ಟರ್‌ಗೂ ಅದು ಹೊಳೆಯೋ ಮಾತಲ್ಲ. ಹಾಗಂತ ಅಮೆಜಾನ್‌ನ ಪ್ರತಿ ವೆಬ್ ಪುಟಕ್ಕೂ ಗಣಿತ ಇಲ್ಲ. ಡೇಟಾ ಕಳೆದುಹೋಗಬಹುದಾದ ಗರ್ಭಗುಡಿಗೆ ಮಾತ್ರ ಗಣಿತ. ಹೊರಗಿನ ಪ್ರಾಕಾರ ಎಷ್ಟು ಸಲ ಬೇಕಾದ್ರೂ ಬದಲಾಗಲಿ.

ಹಾಗಾದ್ರೆ ಬಿಗಿ ಎಲ್ಲಿ, ಸಡಿಲ ಎಲ್ಲಿ ಅಂತ ನಿರ್ಧಾರ ಮಾಡೋದು ಹೇಗೆ? 2003ರಲ್ಲಿ ಬ್ಯಾರಿ ಬೋಮ್ ಮತ್ತು ರಿಚರ್ಡ್ ಟರ್ನರ್ ಇದರ ಬಗ್ಗೆಯೇ ಒಂದು ಪುಸ್ತಕ ಬರೆದ್ರು. ಅವರು ಐದು ವಿಷಯ ಅಳೀರಿ ಅಂತಾರೆ. ತಂಡ ಎಷ್ಟು ದೊಡ್ಡದು? ತಪ್ಪಾದ್ರೆ ಹೋಗೋದು ಸಮಯಾನಾ, ದುಡ್ಡಾ, ಜೀವಾನಾ? ಬೇಡಿಕೆ ಎಷ್ಟು ಬೇಗ ಬದಲಾಗುತ್ತೆ? ಜನರಿಗೆ ಅನುಭವ ಎಷ್ಟಿದೆ? ಗೊಂದಲದ ಮಧ್ಯೆ ಕೆಲಸ ಮಾಡೋ ಸಂಸ್ಕೃತಿ ಇದೆಯಾ, ಸ್ಪಷ್ಟ ನಿಯಮ ಬೇಕು ಅನ್ನೋ ಸಂಸ್ಕೃತಿ ಇದೆಯಾ? ಉತ್ತರ ನೋಡಿಕೊಂಡು ಅಳತೆ ಹಾಕಿ. ಆಮೇಲೆ ನಿಯಮ ಬರೆಯೋರೂ ಇದನ್ನ ಒಪ್ಪಿಕೊಂಡ್ರು. ವಿಮಾನದ ಸಾಫ್ಟ್‌ವೇರ್ ಮಾನದಂಡಕ್ಕೆ 2011ರಲ್ಲಿ ಫಾರ್ಮಲ್ ಮೆಥಡ್ಸ್‌ನದೇ ಒಂದು ಪೂರಕ ಭಾಗ ಸೇರಿತು. 2012ರಲ್ಲಿ ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರ್‌ನಲ್ಲಿ ಅಜೈಲ್ ಬಳಸೋದು ಹೇಗೆ ಅನ್ನೋ ಮಾರ್ಗದರ್ಶಿ ಅಮೆರಿಕದಲ್ಲಿ ಬಂತು.

ಹಾಗಿದ್ರೂ ಇವತ್ತು ತುಂಬಾ ಕಡೆ ನಾನು ನೋಡೋದು ಎರಡೂ ಕಡೆಯ ಕೆಟ್ಟದ್ದರ ಮಿಶ್ರಣ. ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಸಂಧ್ಯಾವಂದನೆ ಥರ ನಡೆಯುತ್ತೆ, ಹೋದ ಪ್ರಾಜೆಕ್ಟಿನ ದಾಖಲೆ ಕಾಪಿ ಪೇಸ್ಟ್ ಆಗಿ ಈ ಪ್ರಾಜೆಕ್ಟಿಗೆ ಬರುತ್ತೆ. ವೇಗವೂ ಇಲ್ಲ, ಖಾತರಿಯೂ ಇಲ್ಲ. ಹೊಸಬರಿಗೆ ಟಿಕೆಟ್ ಮುಚ್ಚೋದು ಕಲಿಸ್ತಾರೆ, ಯಾವ ಟಿಕೆಟ್ ಬೇರಿಂಗ್ ಜಾಗದ್ದು ಅಂತ ಕಲಿಸಲ್ಲ.

ಇದು ಆಫೀಸಿನ ಒಳಗಿನ ವಿಷಯ, ನಮಗೇನು ಅಂತ ಅಂದ್ಕೋಬೇಡಿ. 2024ರ ಆಗಸ್ಟ್ 16ರಂದು ಕೇಂದ್ರ ಸಂಪುಟ ನಮ್ಮ ಮೆಟ್ರೋ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಒಂದು ಮಾರ್ಗ ಮಾಗಡಿ ರಸ್ತೆಯ ಮೇಲೆ, ಹೊಸಹಳ್ಳಿಯಿಂದ ಕಡಬಗೆರೆವರೆಗೆ, 12.5 ಕಿಲೋಮೀಟರ್. ಯೋಜನೆಯ ನಿಲ್ದಾಣಗಳಲ್ಲಿ ಕಾಮಾಕ್ಷಿಪಾಳ್ಯವೂ ಒಂದು. ನಾಳೆ ಆ ಶೆಡ್‌ಗಳ ಪಕ್ಕದಲ್ಲೇ ರೈಲು ಓಡುತ್ತೆ. ಎರಡು ರೈಲುಗಳ ನಡುವಿನ ಅಂತರ ಕಾಯೋದು ಸಾಫ್ಟ್‌ವೇರ್. ರೈಲ್ವೆ ಸಾಫ್ಟ್‌ವೇರ್‌ನ ಯುರೋಪಿಯನ್ ಮಾನದಂಡವಾಗಿದ್ದ ಇಎನ್ 50128, ಅತ್ಯಂತ ಅಪಾಯದ ಭಾಗಗಳಿಗೆ ಫಾರ್ಮಲ್ ಮೆಥಡ್ಸ್ ಬಳಸಿ ಅಂತ ಬಲವಾಗಿ ಶಿಫಾರಸು ಮಾಡಿತ್ತು. ಅದೇ ಮೆಟ್ರೋದ ಟಿಕೆಟ್ ಆ್ಯಪ್ ಬೇರೆ ವಿಷಯ. ಅದು ವಾರಕ್ಕೊಮ್ಮೆ ಬದಲಾಗಲಿ, ಜನ ಬೈದ್ರೆ ಮತ್ತೆ ತಿದ್ದಲಿ. ಒಂದೇ ನಿಲ್ದಾಣ, ಎರಡು ಟಾಲರೆನ್ಸ್.

ಈ ಕೆಲಸಕ್ಕೆ ನಾಳೆ ಹೋಗೋರು ನಿಮ್ಮಲ್ಲೇ ಇದ್ದೀರಿ. ಯಾರಾದ್ರೂ ‘ನಾವು ಪೂರ್ತಿ ಅಜೈಲ್’ ಅಂತಲೋ ‘ನಮ್ದು ಪಕ್ಕಾ ಪ್ರೋಸೆಸ್’ ಅಂತಲೋ ಎದೆ ತಟ್ಟಿಕೊಂಡ್ರೆ ಒಂದೇ ಪ್ರಶ್ನೆ ಕೇಳಿ: ಸಾರ್, ಇದರಲ್ಲಿ ಬೇರಿಂಗ್ ಕೂರೋ ಜಾಗ ಯಾವುದು? ಉತ್ತರ ಥಟ್ಟನೆ ಬಂದ್ರೆ ಒಳ್ಳೆ ತಂಡ ಸಿಕ್ಕಿದೆ ಅಂತ ಅರ್ಥ. ಬರದಿದ್ರೆ, ಆ ಡ್ರಾಯಿಂಗ್ ಬಿಡಿಸೋ ಕೆಲಸವನ್ನ ನೀವೇ ಶುರು ಮಾಡಿ.